ಅರವತ್ತೇಳು ಹೊದಿಕೆ

ಒಂದಲ್ಲ ಎರಡಲ್ಲ, 67 ಹೊದಿಕೆ! ಮಂಡೇಲಾ ತೀರಿಕೊಂಡ 2013ರ ಡಿಸೆಂಬರಿನಲ್ಲೇ, ಅವರ ಆಪ್ತ ಕಾರ್ಯದರ್ಶಿಯಾಗಿದ್ದ ಜೆಲ್ಡಾ ಲಾ ಗ್ರಾಂಜ್ ಗೆಳತಿ ಕ್ಯಾರೊಲಿನ್ ಸ್ಟೇನ್‌ಗೆ ಹಾಕಿದ ಸವಾಲು ಅದು. ಮಂಡೇಲಾ ಜನಸೇವೆಯಲ್ಲಿ ಕಳೆದ ವರ್ಷಗಳೂ 67. ಅವರ ಹುಟ್ಟುಹಬ್ಬದ ದಿನವಾದ ಜುಲೈ 18ಕ್ಕೆ ಎಲ್ಲವೂ ಸಿದ್ಧವಾಗಬೇಕು. ದಕ್ಷಿಣ ಆಫ್ರಿಕದಲ್ಲಿ ಜುಲೈ ಎಂದರೆ ನಡುಚಳಿಗಾಲ. ಹೊದಿಕೆ ಹೋಗಬೇಕಾದದ್ದು ಹೊದೆಯಲು ಏನೂ ಇಲ್ಲದವರಿಗೆ.

ಒಬ್ಬರ ಕೈಲಿ ಆಗುವ ಕೆಲಸವೇ? ಸ್ಟೇನ್ ಫೇಸ್‌ಬುಕ್ಕಿನಲ್ಲಿ ನೆರವು ಕೇಳಿದರು. ಸಾವಿರಾರು ಜನ ಸೇರಿಕೊಂಡರು. 67 ಎಲ್ಲೋ ಹಿಂದೆ ಉಳಿಯಿತು. ಹೆಣಿಗೆ ಬಾರದವರೂ ಹೆದರಬೇಕಿಲ್ಲ. ಕಡ್ಡಿಯಲ್ಲೋ ಕ್ರೋಶಾ ಸೂಜಿಯಲ್ಲೋ ಒಂದೊಂದೇ ಚೌಕ ಹೆಣೆದು, ಚೌಕಗಳನ್ನು ಜೋಡಿಸಿ ಹೊಲಿದರೆ ಹೊದಿಕೆ. (ಮೊದಲ ಚೌಕ ಚೌಕವಾಗಿ ಬರುವುದಿಲ್ಲ, ಅದು ಬೇರೆ ಮಾತು!) ಜೈಲುಗಳಲ್ಲಿ ಕೈದಿಗಳೂ ಕಲಿತರು. 27 ವರ್ಷ ಸೆರೆಯಲ್ಲಿದ್ದವರ ಹೆಸರಿನಲ್ಲಿ, ಸೆರೆಯಲ್ಲಿದ್ದ ಗಂಡಸರೂ ಉಲ್ಲನ್ ಉಂಡೆ ಹಿಡಿದು ಕುಳಿತರು.

2015ರ ಏಪ್ರಿಲಿನಲ್ಲಿ ಪ್ರಿಟೋರಿಯಾದಲ್ಲಿ ಅವನ್ನೆಲ್ಲ ಜೋಡಿಸಿ ಹಾಸಿದಾಗ 3,377 ಚದರ ಮೀಟರ್. ಕ್ರೋಶಾ ಹೊದಿಕೆಯ ಗಿನ್ನೆಸ್ ದಾಖಲೆ! ಅದು ವರ್ಷ ತುಂಬುವವರೆಗೂ ಉಳಿಯಲಿಲ್ಲ. ಮುರಿದವರು ನಮ್ಮ ನೆರೆಯ ಚೆನ್ನೈನವರೇ. ಸುಭಾಶ್ರೀ ನಟರಾಜನ್ ಕಟ್ಟಿದ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗ 2016ರ ಜನವರಿ 31ರಂದು ಹಾಸಿದ್ದು 11,148.5 ಚದರ ಮೀಟರ್. ಅಡುಗೆ, ಆಫೀಸುಗಳ ನಡುವೆ ಬಿಡುವು ಮಾಡಿಕೊಂಡು, ತಂತಮ್ಮ ಊರುಗಳಲ್ಲೇ ಕುಳಿತು ಹೆಣೆದ ತುಂಡುಗಳು ಅವು. ಅಳತೆ ಮುಗಿದ ಮೇಲೆ ಮತ್ತೆ ಬಿಡಿಸಿ, ಇಲ್ಲದವರಿಗೆ ಹಂಚಿದರು.