ಒಂಟಿತನಕ್ಕೆ ಓಸಿ ಮದ್ದಲ್ಲ

ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಮಳೆ ಕೈಕೊಟ್ಟರೆ ದುಡಿಯುವ ಮಕ್ಕಳು ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ವಯಸ್ಸಾದ ತಂದೆ–ತಾಯಿ. ಮಾತಿಗೆ ಜನರಿಲ್ಲದ ಹಿರಿಯರಲ್ಲಿ ಕೆಲವರು ಹೊತ್ತು ಕಳೆಯಲು ಇಸ್ಪೀಟು, ಓಸಿ (ಮಟ್ಕಾ) ಜೂಜಿನತ್ತ ಹೊರಳುತ್ತಾರೆ. ಗಂಗಾವತಿ, ಕೊಪ್ಪಳದ ಕಥೆಯೂ ಬೇರೆಯಲ್ಲ.

ಓಸಿಯಲ್ಲಿ 00ರಿಂದ 99ರವರೆಗೆ 100 ಸಂಖ್ಯೆಗಳಿವೆ. ಗೆದ್ದರೆ 1 ರೂಪಾಯಿಗೆ 80 ರೂಪಾಯಿ ಎಂಬ ಆಮಿಷ. ಅಂದರೆ ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 20 ರೂಪಾಯಿ ಬುಕ್ಕಿಯ ಪಾಲು, ಆಡಿದಷ್ಟೂ ನಷ್ಟ. ಸಂಧ್ಯಾ ಸುರಕ್ಷಾ ಪಿಂಚಣಿಯ ಮಾಸಿಕ 1,200 ರೂಪಾಯಿ ಹೀಗೆ ಕರಗಿದರೆ ಬಿಪಿ, ಶುಗರ್ ಮಾತ್ರೆಗೆ ಹಣವೆಲ್ಲಿಂದ ಬರಬೇಕು?

ಪೊಲೀಸರ ದಾಳಿ ಬೇಕು, ಆದರೆ ಅದರಿಂದ ಒಂಟಿತನ ನೀಗದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯ) ಹಿರಿಯರಿಗಾಗಿ ಪತ್ರಿಕೆ ಓದು, ಭಜನೆ, ಆರೋಗ್ಯ ತಪಾಸಣೆಗೆ ನಿಗದಿತ ಸಮಯ ಮೀಸಲಿಡಲಿ. ಚಟಕ್ಕೆ ಸಿಲುಕಿದವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಹಿರಿಯರ ಸಹಾಯವಾಣಿ 14567 ಇವೆ. ಆಶಾ ಕಾರ್ಯಕರ್ತೆಯರು ಈ ಸಂಖ್ಯೆಗಳನ್ನು ಮನೆಮನೆಗೆ ತಿಳಿಸಲಿ. ದೂರದಲ್ಲಿರುವ ಮಕ್ಕಳು ಹಣ ಕಳಿಸಿದರಷ್ಟೇ ಸಾಲದು, ದಿನಕ್ಕೊಮ್ಮೆ ಫೋನ್ ಮಾಡಿ ಮಾತಾಡಿಸಬೇಕು.

– ನಿವೃತ್ತ ಶಿಕ್ಷಕ, ಕುಷ್ಟಗಿ