ಮುರಿದ ಬೀಗಕ್ಕೂ ಅದೇ ಅಂಕ

ಸಂಶೋಧಕರ ಯೋಗ್ಯತೆ ಅಳೆಯಲು ಕುಳಿತ ಸಮಿತಿ ಈಗ ಮೊದಲು ನೋಡುವುದು ಎರಡು ಸಂಖ್ಯೆಗಳನ್ನು: ಅವರ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅವರ ಎಚ್-ಇಂಡೆಕ್ಸ್ ಎಷ್ಟು. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಸೂಚ್ಯಂಕದ ಲೆಕ್ಕ ಸರಳ. ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ಹತ್ತು. ಆದರೆ ಹಾರ್ಡ್‌ವೇರ್ ಸೆಕ್ಯುರಿಟಿಯಲ್ಲಿ, ಅಂದರೆ ಚಿಪ್‌ಗಳ ಭದ್ರತೆಯ ಕ್ಷೇತ್ರದಲ್ಲಿ, ಈ ಲೆಕ್ಕವನ್ನು ನಂಬಿ ಒಬ್ಬರ ಕೆಲಸಕ್ಕೆ ಬೆಲೆ ಕಟ್ಟುವುದು ತಪ್ಪು ಎಂದೇ ನನ್ನ ವಾದ.

ಲೆಕ್ಕ ಸರಿ ಹೊಂದುವ ಉದಾಹರಣೆಯನ್ನೇ ಮೊದಲು ನೋಡೋಣ. ಗೂಢಲಿಪಿ ತಜ್ಞ ಪಾಲ್ ಕೋಕರ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ್ದು ಜೀವಶಾಸ್ತ್ರ. ಅವರು ಜೋಶುವಾ ಜಾಫಿ, ಬೆಂಜಮಿನ್ ಜುನ್ ಜೊತೆ 1999ರಲ್ಲಿ ಪ್ರಕಟಿಸಿದ ಪ್ರಬಂಧ ಸ್ಮಾರ್ಟ್ ಕಾರ್ಡಿನ ಗುಟ್ಟನ್ನು ಅದು ಎಳೆಯುವ ವಿದ್ಯುತ್ತಿನಿಂದಲೇ ಓದಿಬಿಟ್ಟಿತು. ಕಾರ್ಡಿಗೆ ಹೋಗುವ ವಿದ್ಯುತ್ತಿನ ದಾರಿಯಲ್ಲಿ ಸಣ್ಣದೊಂದು ರೆಸಿಸ್ಟರ್ ಕೂರಿಸಿ, ಅದರ ಮೇಲಿನ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ಹಿಡಿದರೆ, ಕಾರ್ಡು ಒಮ್ಮೆ ಲೆಕ್ಕ ಮಾಡಿದಾಗ ಒಂದು ಗೆರೆ ಸಿಗುತ್ತದೆ. ಇಂಥ ಸಾವಿರ ಗೆರೆಗಳನ್ನು ಕೂಡಿಹಾಕಬೇಕು. ಆಮೇಲೆ ಡಿಇಎಸ್ ಎಂಬ ಗೂಢಲಿಪಿ ಪದ್ಧತಿಯ ಕೀಲಿಯಲ್ಲಿ ಆರು ಬಿಟ್‌ಗಳನ್ನು ಊಹಿಸಿ, ಆ ಊಹೆಯ ಪ್ರಕಾರ ಒಳಗಿನ ಒಂದು ಬಿಟ್ 0 ಆಗಬೇಕಾದ ಗೆರೆಗಳನ್ನು ಒಂದು ಕಡೆ, 1 ಆಗಬೇಕಾದವನ್ನು ಇನ್ನೊಂದು ಕಡೆ ವಿಂಗಡಿಸಬೇಕು. ಒಂದರ ಸರಾಸರಿಯಿಂದ ಇನ್ನೊಂದರ ಸರಾಸರಿಯನ್ನು ಕಳೆದಾಗ, ಊಹೆ ತಪ್ಪಿದ್ದರೆ ಉಳಿಯುವುದು ಹೆಚ್ಚುಕಡಿಮೆ ಸಪಾಟು ಗೆರೆ. ಸರಿಯಿದ್ದರೆ ಒಂದು ಕಡೆ ಮೊನೆ ಎದ್ದು ಕಾಣುತ್ತದೆ. ಊಹೆಗಳು ಒಟ್ಟು 64 ಮಾತ್ರ. ಗಣಿತದ ಬಲದಿಂದ ಅಭೇದ್ಯ ಎಂದುಕೊಂಡಿದ್ದ ಕೀಲಿ ಹೀಗೆ ತುಂಡುತುಂಡಾಗಿ ಕೈಗೆ ಬರುತ್ತದೆ. ಈ ಪ್ರಬಂಧಕ್ಕೆ ಸಾವಿರಾರು ಉಲ್ಲೇಖಗಳು ಬಂದಿವೆ, ಬರಬೇಕಾದದ್ದೇ. ಆದರೆ ಕೋಕರ್ ಅವರ ಸಂಸ್ಥೆ ಇದೇ ದಾಳಿಗೆ ರೂಪಿಸಿದ ತಡೆಗಳು ಪೇಟೆಂಟುಗಳಾಗಿ, ಲೈಸೆನ್ಸುಗಳಾಗಿ ಚಿಪ್‌ಗಳೊಳಗೆ ಸೇರಿಹೋದವು. ಎಚ್-ಇಂಡೆಕ್ಸ್‌ಗೆ ಅವು ಕಾಣುವುದಿಲ್ಲ.

ಇನ್ನು ಲೆಕ್ಕ ಕೈಕೊಡುವ ಕಡೆಗೆ ಬರೋಣ. ಚಿಪ್‌ನ ವಿನ್ಯಾಸ ಒಂದು ದೇಶದಲ್ಲಿ, ತಯಾರಿಕೆ ಇನ್ನೊಂದರಲ್ಲಿ. ಕಾರ್ಖಾನೆಯವರು ಕದ್ದು ಹೆಚ್ಚು ಪ್ರತಿ ಮಾಡಿಕೊಂಡರೆ? ಇದಕ್ಕೆ ಉತ್ತರವಾಗಿ ರಾಯ್, ಕುಶನ್‌ಫರ್, ಮಾರ್ಕೋವ್ 2008ರಲ್ಲಿ ಒಂದು ಬೀಗ ಸೂಚಿಸಿದರು: ಸರ್ಕ್ಯೂಟಿನ ನಡುವೆ ಹೆಚ್ಚುವರಿ ಗೇಟುಗಳನ್ನು ಸೇರಿಸುವುದು, ಸರಿಯಾದ ಕೀಲಿ ಕೊಟ್ಟರಷ್ಟೇ ಚಿಪ್ ಸರಿಯಾಗಿ ನಡೆಯುವುದು. ಪ್ರಿನ್ಸ್‌ಟನ್‌ನ ಸುಬ್ರಮಣ್ಯನ್, ರೇ, ಮಲಿಕ್ 2015ರಲ್ಲಿ ಸ್ಯಾಟ್ ಸಾಲ್ವರ್ ಎಂಬ ತಂತ್ರಾಂಶದಿಂದ ತಪ್ಪು ಕೀಲಿಗಳನ್ನು ಗುಂಪುಗುಂಪಾಗಿ ತಳ್ಳಿಹಾಕುತ್ತ, ಪರೀಕ್ಷೆಗೆ ತೆಗೆದುಕೊಂಡ ಸರ್ಕ್ಯೂಟುಗಳಲ್ಲಿ ಬಹುಪಾಲಿನ ಬೀಗ ತೆಗೆದರು. ಆಮೇಲೆ ಸ್ಯಾಟ್ ದಾಳಿಯನ್ನು ತಡೆಯುವ ಬೀಗಗಳು ಬಂದವು, ಅವನ್ನು ಮುರಿಯುವ ದಾಳಿಗಳು ಬಂದವು, ಮತ್ತೆ ಹೊಸ ಬೀಗ. ಪ್ರತಿಯೊಂದು ಹೊಸ ಪ್ರಬಂಧದಲ್ಲೂ ಹಿಂದಿನವುಗಳ ಹೆಸರು ಇರಲೇಬೇಕು, ಇಂತಿಂಥವು ಹೀಗೆ ಸೋತವು ಎಂದು ಹೇಳುವುದಕ್ಕಾದರೂ. ಎಣಿಸುವ ಯಂತ್ರಕ್ಕೆ ಇದೂ ಒಂದು ಉಲ್ಲೇಖವೇ. ಸಮಸ್ಯೆಯನ್ನು ಮೊದಲು ಎತ್ತಿದವರಿಗೆ ಗೌರವ ಸಲ್ಲಲೇಬೇಕು. ಸೋತ ಬೀಗದಿಂದಲೂ ವಿದ್ಯೆ ಬೆಳೆಯುತ್ತದೆ. ಆದರೆ ಅದೇ ಬೀಗವನ್ನು ಚೂರು ತಿರುಚಿ ಐದು ಪ್ರಬಂಧ ಮಾಡಿದವರಿಗೂ ಅಂಕ ಅಷ್ಟೇ ಧಾರಾಳವಾಗಿ ಸಿಗುತ್ತದೆ, ಇದು ನನಗೆ ಒಪ್ಪಿಗೆಯಿಲ್ಲ.

ಬರೆದದ್ದನ್ನು ಪ್ರಕಟಿಸಲಾಗದ ಸಂಕಟವೂ ಈ ಕ್ಷೇತ್ರಕ್ಕಿದೆ. ಕಾರುಗಳ ಕಳ್ಳತನ ತಡೆಯುವ ಮೆಗಾಮಾಸ್ ಚಿಪ್‌ನ ದೌರ್ಬಲ್ಯವನ್ನು ವೆರ್ಡುಲ್ಟ್, ಗಾರ್ಸಿಯಾ, ಎಗೆ ಕಂಡುಹಿಡಿದರು. 2013ರಲ್ಲಿ ಫೋಕ್ಸ್‌ವ್ಯಾಗನ್ ಇಂಗ್ಲೆಂಡಿನ ಹೈಕೋರ್ಟಿನಿಂದ ಪ್ರಕಟಣೆಗೆ ತಡೆ ತಂದಿತು. ಒಂದು ವಾಕ್ಯ ಕೈಬಿಟ್ಟು ಪ್ರಬಂಧ ಹೊರಬಂದದ್ದು 2015ರಲ್ಲಿ. ಕೆಲಸ ಹುಡುಕುವ ವಯಸ್ಸಿನ ಸಂಶೋಧಕರಿಗೆ ಆ ಎರಡು ವರ್ಷ ಎಷ್ಟು ದುಬಾರಿ! ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗಿನಿಂದ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡುವವರಿಗೂ ಪ್ರಕಟಿಸಲಾಗದ ಈ ಸಂಕಟ ಇದೆ. ಕಂಪನಿಯೊಳಗೆ ಸದ್ದಿಲ್ಲದೆ ಮುಚ್ಚಿದ ದೋಷ ಯಾವ ಪಟ್ಟಿಗೂ ಸೇರುವುದಿಲ್ಲ.

ನೂರಾರು ಅರ್ಜಿ ಮುಂದಿರುವಾಗ ಸಂಖ್ಯೆ ಬಿಟ್ಟು ಬೇರೇನು ನೋಡುವುದು ಎಂದು ಸಮಿತಿಯವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪ್ರಕಟವಾದ ಪತ್ರಿಕೆಯ ಅಂಕ ನೋಡಿ ಸಂಶೋಧಕರನ್ನು ತೂಗಬೇಡಿ, ಕೆಲಸದ ಸತ್ವ ನೋಡಿ ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಆಗಲೇ ಹೇಳಿದೆ. ಮೊದಲ ಸುತ್ತಿನ ಜರಡಿಗೆ ಸಂಖ್ಯೆ ಇರಲಿ, ಕೊನೆಯ ಹತ್ತು ಮಂದಿಯ ಮೂರು ಮೂರು ಪ್ರಬಂಧಗಳನ್ನಾದರೂ ಕೂತು ಓದಲಿ. ಅಳತೆಯ ದತ್ತಾಂಶ, ಕೋಡ್ ಬೇರೆಯವರ ಕೈಗೆ ಸಿಗುವಂತಿದೆಯೇ, ಈ ಬೀಗದ ಮೇಲೆ ಯಾರು ಕೈಯಿಟ್ಟರು, ಏನು ಉಳಿಯಿತು ಎಂದು ಕೇಳಲಿ. ತನ್ನ ಬೀಗ ಮುರಿದವರ ಪ್ರಬಂಧವನ್ನು ಅರ್ಜಿಯ ಜೊತೆ ತಾನೇ ಲಗತ್ತಿಸಿ, ಅದು ಸೋತದ್ದು ಎಲ್ಲಿ ಎಂದು ಒಂದು ಪುಟ ಬರೆದುಕೊಟ್ಟ ಅಭ್ಯರ್ಥಿಗೆ, ಆ ಪುಟಕ್ಕಾಗಿಯೇ ಅಂಕ ಕೊಡಲಿ.