ರವಿವಾರ ಅಂಗಡಿ ಬಂದ್

ಹೋದ ವರ್ಷ ಜೂನ್ ತಿಂಗಳದಾಗ ನಾನೂ ನಮ್ಮನಿಯವರೂ ಮಗನ ಕಡೆ ಮ್ಯೂನಿಕ್‌ಗೆ ಹೋಗಿದ್ವಿ. ಯುರೋಪಿಗೆ ಹೋಗಿ ಬಂದವರು ಅರಮನಿ, ಚರ್ಚು, ಹಿಮದ ಬಗ್ಗೆ ಬರೀತಾರ. ನಾ ಬರಿಯೋದು ಅಲ್ಲಿ ಬಂದ್ ಇದ್ದ ಅಂಗಡಿ ಬಗ್ಗೆ. ನಗಬ್ಯಾಡ್ರಿ, ಪೂರಾ ಓದ್ರಿ.

ಬ್ಯಾಗಿನ್ಯಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೆಂತೆ ಹಿಟ್ಟು ಎಲ್ಲಾ ತುಂಬಿಕೊಂಡಿದ್ದೆ. ಪೇಡೆ ಮಾತ್ರ ಮಗ ತರಬ್ಯಾಡ ಅಂದಿದ್ದ, ಹಾಲಿನ ಪದಾರ್ಥ ಅಲ್ಲೆ ಒಳಗ ಬಿಡಂಗಿಲ್ಲಂತ. ಧಾರವಾಡದಿಂದ ಪೇಡೆ ಇಲ್ಲದ ಮಗನ ಮನಿಗೆ ಹೋಗೋದಂದ್ರ ಹೆಂಗ ಅನಿಸಿರಬೇಕು, ನೀವ ಹೇಳ್ರಿ.

ಹೋದ ಮೂರನೇ ದಿನ ರವಿವಾರ. ಮಜ್ಜಿಗಿ ಸಾರು ಮಾಡಬೇಕಂತ ಮಗಗ ಮೊಸರು ತಾ ಅಂದೆ. "ಇವತ್ತ ಎಲ್ಲಾ ಬಂದ್ ಅಮ್ಮಾ" ಅಂದ. ಯಾವ ಹಬ್ಬೋ ಅಂದ್ರ, "ಹಬ್ಬ ಅಲ್ಲಾ, ರವಿವಾರ" ಅಂದ. ಪ್ಯಾಟ್ಯಾಗಿನ ಒಂದು ಸೂಪರ್‌ಮಾರ್ಕೆಟ್ಟೂ ತಗದಿರಂಗಿಲ್ಲಂತ. ಬಾಕಿ ದಿನಾನೂ ಆ ಊರಾಗ ರಾತ್ರಿ 8ಕ್ಕ ಬಾಗಲಾ ಹಾಕೇ ಬಿಡ್ತಾರ. ನಮ್ಮನಿಯವರು ಕ್ಯಾಲೆಂಡರ್ ಹಾಕಲಿಕ್ಕೆ ಮೊಳಿ ಹೊಡಿಲಿಕ್ಕೆ ಹೋದ್ರ ಮಗ ಓಡಿ ಬಂದು ಕೈ ಹಿಡದಾ, ರವಿವಾರ ಸಪ್ಪಳ ಮಾಡಂಗಿಲ್ಲಂತ. ಖಾಲಿ ಗಾಜಿನ ಬಾಟ್ಲಿ ಸೈತ ಓಣ್ಯಾಗಿನ ಡಬ್ಬಿಗೆ ಒಗಿಯೋಹಂಗಿಲ್ಲಾ.

"ಎಂಥಾ ಮೈಗಳ್ಳ ಮಂದಿ" ಅಂದ್ರು ನಮ್ಮನಿಯವರು. ಸೊಸಿ ಬಿಡಿಸಿ ಹೇಳಿದ್ಲು. ರವಿವಾರ ವಿಶ್ರಾಂತಿ ದಿನ ಅಂತ 1919ರ ಜರ್ಮನ್ ಸಂವಿಧಾನದಾಗ ಬರದಿದ್ರಂತ. 1949ರ ಹೊಸಾ ಸಂವಿಧಾನದಾಗೂ ಅದನ್ನ ಹಂಗ ಇಟ್ಗೊಂಡಾರ. ಬರ್ಲಿನ್‌ನಾಗ ಕ್ರಿಸ್‌ಮಸ್ಸಿನ ಮುಂಚಿನ ನಾಲ್ಕೂ ರವಿವಾರ ಅಂಗಡಿ ತಗೀಲಿಕ್ಕೆ ಸರಕಾರ ಬಿಟ್ಟಿದ್ದಕ್ಕ ಚರ್ಚಿನವರು ಕೋರ್ಟಿಗೆ ಹೋದ್ರು. 2009ರಾಗ ಸಂವಿಧಾನದ ಕೋರ್ಟು ಅದು ತಪ್ಪು ಅಂತ ಹೇಳ್ತು. ಅಂದ್ರ ಗಲ್ಲೆದಾಗ ಕೂತ ಹೆಣ್ಮಗಳ ಸೂಟಿ ಸಲುವಾಗಿ ಅಷ್ಟು ದೊಡ್ಡ ಕೋರ್ಟು ತಲಿ ಕೆಡಿಸಿಕೊಂಡದ. ಕೂತ ಅಂತ ಸುಮ್ನ ಬರದಿಲ್ಲಾ, ಅಲ್ಲೆ ಗಲ್ಲೆದಾಕಿಗೆ ಕುರ್ಚಿ ಇರ್ತದ. ನಮ್ಮ ಮಾಲ್‌ನ್ಯಾಗ ಹುಡುಗಿಯರು ದಿನಾ ಪೂರ್ತಿ ನಿಂತ ಇರ್ತಾರ.

ಮುಂದಿನ ವಾರ ವಿಯೆನ್ನಾಕ್ಕ ಹೊಂಟ್ವಿ, ಟ್ರೇನಿನ್ಯಾಗ ನಾಲ್ಕು ತಾಸು. ಮಗ ಹೋಟೆಲ್ ಬಿಟ್ಟು ಅಡಗಿಮನಿ ಇದ್ದ ಅಪಾರ್ಟ್‌ಮೆಂಟ್ ಬುಕ್ ಮಾಡಿದ್ದ. "ಅಮ್ಮಗ ಅನುಕೂಲ ಆಗ್ತದ" ಅಂದ. ಯಾರ ಅನುಕೂಲ ಅಂತ ನಾ ಕೇಳಲಿಲ್ಲಾ. ಶುಕ್ರವಾರ ರಾತ್ರಿ ಅನ್ನ-ಸಾರು, ಶನಿವಾರ ಮುಂಜಾನೆ ಒಗ್ಗರಣಿ ಅವಲಕ್ಕಿ. ಶನಿವಾರ ಸಂಜಿಕೆ ಸ್ಟೀಫನ್ ಚರ್ಚಿನ ಮುಂದ ಹುಡುಗರು ಪಿಟೀಲು ಬಾರಿಸ್ಲಿಕ್ಕೆ ಹತ್ತಿದ್ರು, ಭಾಳ ಛಂದ ಇತ್ತು. ನಮ್ಮನಿಯವರಿಗೆ ಹಸಿವಾತು. ಸೊಸಿ "ನೀವ್ ಇರ್ರಿ ಅತ್ತಿ" ಅಂದ್ಲು ಖರೆ, ಆದ್ರ ಕುಕ್ಕರ್ ಇಡೋರು ಯಾರು? ನಾ ಅವರ ಕೂಡ ತಿರುಗಿ ಬಂದೆ. ಸಾವಿರಾರು ಮೈಲು ಹೋದ್ರೂ ಮೂರು ಸೀಟಿ ಎಣಿಸೋದು ತಪ್ಪಲಿಲ್ಲಾ.

ರವಿವಾರ ಮುಂಜಾನೆ ನೋಡಿದ್ರ ಅಕ್ಕಿ ಮುಗದದ! ವಿಯೆನ್ನಾದಾಗೂ ರವಿವಾರ ಬಂದ್. ನಮ್ಮನಿಯವರಿಗೆ ಸಿಟ್ಟು, ನನಗ ಒಳಗೊಳಗ ಖುಷಿ. ದೊಡ್ಡ ಸ್ಟೇಷನ್ನಿನ್ಯಾಗಿನ ಅಂಗಡಿ ಮಾತ್ರ ತಗದಿರ್ತಾವ, ಅಲ್ಲೆ ಬ್ರೆಡ್ಡು, ಹಣ್ಣು, ಚೀಸ್ ತೊಗೊಂಡು ಶೋನ್‌ಬ್ರುನ್ ಅರಮನಿಗೆ ಹೋದ್ವಿ. 1441 ಕೋಣಿ ಅವಂತ. ಕಸಾ ಹೊಡಿಯೋರು ಎಷ್ಟು ಮಂದಿ ಇದ್ದಿರಬೇಕು ಅಂತ ನನಗ ಅದ ಮೊದಲು ತಲಿಗೆ ಬಂತು. ಬಗೀಚಾ ನೋಡ್ಲಿಕ್ಕೆ ತಿಕೀಟಿಲ್ಲಾ. ಗುಡ್ಡದ ಮ್ಯಾಲಿನ ಬೆಂಚಿನ ಮ್ಯಾಲೆ ಕೂತು ತಿಂದ್ವಿ. ರಾತ್ರಿ 8 ಹೊಡದ್ರೂ ಬಿಸಲಿತ್ತು. ಮುಂದಿನ ಊಟಕ್ಕ ಏನು ಅಂತ ವಿಚಾರ ಮಾಡದ ನಾ ಒಂದು ಪೂರಾ ದಿನಾ ಕಳದಿದ್ದು ಮದವಿ ಆದ ಮ್ಯಾಲೆ ಅದ ಮೊದಲು.

ಅದಕ್ಕ ನನ್ನ ಅಭಿಪ್ರಾಯ ಏನಂದ್ರ, ನಮ್ಮ ಮನ್ಯಾಗೂ ವಾರಕ್ಕ ಒಂದಿನಾ ಅಡಗಿಮನಿ ಬಂದ್ ಇರಬೇಕು. ಅಂಗಡಿ ಬಂದ್ ಮಾಡ್ರಿ ಅಂತ ಅಲ್ಲಾ. ನಮ್ಮ ಕಾಯಿಪಲ್ಯಾದಾಕಿ ದಿನಾ ಮಾರಿದ್ರನ ಅಕಿ ಮನ್ಯಾಗ ಒಲಿ ಹತ್ತತದ. ಅಲ್ಲೇನೂ ಎಲ್ಲಾರಿಗೂ ಸೂಟಿ ಇಲ್ಲಾ, ದವಾಖಾನಿ ನರ್ಸು, ಟ್ರೇನ್ ನಡಸೋರು ರವಿವಾರಾನೂ ದುಡೀತಾರ. ಆದ್ರ ಅವರಿಗೆ ಬ್ಯಾರೆ ದಿನ ಸೂಟಿ ಇರ್ತದ. ನಮ್ಮ ದೇಶದಾಗೂ ರವಿವಾರ ಪುಕ್ಕಟ ಬಂದಿದ್ದಲ್ಲಾ. ಮುಂಬಯಿ ಗಿರಣಿ ಕಾರ್ಮಿಕರ ಸಲುವಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಬಡದಾಡಿದ ಮ್ಯಾಲೆ 1890ರಾಗ ಮಾಲಕರು ಒಪ್ಪಿದ್ರು. ಗಿರಣಿಗೆ ಸೂಟಿ ಬಂತು. ಅಡಗಿಮನಿಗೆ ರವಿವಾರ ಅಂದ್ರ ಉಲ್ಟಾ ಎರಡು ಪಲ್ಯಾ ಹೆಚ್ಚು.

ಊರಿಗೆ ಬಂದು ಹೇಳೇಬಿಟ್ಟೆ, ರವಿವಾರ ಮಧ್ಯಾಹ್ನದಿಂದ ನನ್ನ ಒಲಿ ಬಂದ್. ನಮ್ಮ ಅತ್ತಿಯವರು "ಅನ್ನಪೂರ್ಣೇಶ್ವರಿ ಸಿಟ್ಟಾಗ್ತಾಳ" ಅಂದ್ರು. ಎರಡು ವಾರ ಆದ ಮ್ಯಾಲೆ, ಮಗ ಹಚ್ಚಿದ ಅವಲಕ್ಕಿ ತಿನಕೋತ "ಉಪ್ಪು ಬರೋಬ್ಬರಿ ಆಗೇದ" ಅಂತನೂ ಅವರ ಅಂದ್ರು. ನಮ್ಮನಿಯವರು ಈಗ ಚಹಾ, ಅವಲಕ್ಕಿ, ಸಜ್ಜಗಿ ಮೂರು ಕಲತಾರ. ಚಹಾ ಇನ್ನೂ ನೀರ ನೀರ.

ಒಂದು ಮಾತ್ರ ನನಗ ತಡಾ ಆಗಿ ಹೊಳೀತು. ನನ್ನ ಒಲಿ ಬಂದ್ ಇದ್ರೂ ಭಾಂಡೆ ತಿಕ್ಕಾಕಿ ರವಿವಾರ ಬಂದಿದ್ಲು. ಅವತ್ತ ನಾ ಬೆಂಚಿನ ಮ್ಯಾಲೆ ಕೂತಾಗ ಅಕಿ ನೆನಪ ಬಂದಿದ್ದಿಲ್ಲಾ. ಪಗಾರ ಮುರಿಯಂಗಿಲ್ಲಾ, ರವಿವಾರ ಬರಬ್ಯಾಡ ಅಂತ ಹೇಳ್ದೆ. "ಆತ್ರಿ ಅಕ್ಕಾರ" ಅಂದು, ಬಾಗಲ ತನಕಾ ಹೋಗಿ ತಿರುಗಿ ನಿಂತ್ಲು. "ಖರೆ ಹೇಳ್ತೀನ್ರಿ, ಇನ್ನೂ ನಾಕ ಮನಿ ಅದಾವಲ್ರಿ. ಅವರಿಗೂ ನೀವ ಒಂದ ಮಾತ ಹೇಳ್ರೆಲಾ."

ಮೂರು ಮನಿಗೆ ಹೇಳೇನಿ. ಒಂದು ಮನಿಯವರು ಒಪ್ಪ್ಯಾರ.